ಆಸ್ಪತ್ರೆಯಲ್ಲಿ ದುಡ್ಡು ಸೋರುವುದು ಎಲ್ಲಿ?

ಪ್ರಶ್ನೆ: ನಾನು ಒಂದು ಆಸ್ಪತ್ರೆಯ ಆಡಳಿತ ವಿಭಾಗದಲ್ಲಿದ್ದೇನೆ. ಈ ವರ್ಷ ಖರ್ಚು ಇಳಿಸಲೇಬೇಕು ಎಂದು ಮೇಲಿನಿಂದ ಒತ್ತಡ ಇದೆ. ನರ್ಸ್‌ಗಳ ಸಂಖ್ಯೆ ಕಡಿಮೆ ಮಾಡೋಣ ಅನ್ನುವ ಮಾತು ಬಂದಿದೆ. ಗುಣಮಟ್ಟ ಬಿಟ್ಟುಕೊಡದೆ ಖರ್ಚು ಇಳಿಸಲು ಆಗುತ್ತದಾ?

ಉತ್ತರ: ಆಗುತ್ತದೆ. ಆದರೆ ದಯವಿಟ್ಟು ನರ್ಸ್‌ಗಳಿಂದ ಶುರು ಮಾಡಬೇಡಿ. ಸಂಬಳದ ಮೊತ್ತ ಲೆಕ್ಕದಲ್ಲಿ ಎದ್ದು ಕಾಣುತ್ತದೆ, ಹಾಗಾಗಿ ಎಲ್ಲರ ಕಣ್ಣೂ ಮೊದಲು ಅದರ ಮೇಲೇ ಬೀಳುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 168 ಆಸ್ಪತ್ರೆಗಳ ದಾಖಲೆ ನೋಡಿ ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬ ನರ್ಸ್ ನೋಡಿಕೊಳ್ಳಬೇಕಾದ ರೋಗಿಗಳಲ್ಲಿ ಒಬ್ಬರು ಹೆಚ್ಚಾದಂತೆಲ್ಲ, ಆಪರೇಷನ್ ಆದವರು 30 ದಿನದೊಳಗೆ ತೀರಿಕೊಳ್ಳುವ ಸಂಭವ ಶೇ 7ರಷ್ಟು ಜಾಸ್ತಿ ಇತ್ತು.

ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರಿಗೆ ಇದು ಅರ್ಥವಾಗುತ್ತದೆ. ರಾತ್ರಿ 2 ಗಂಟೆಗೆ ರೋಗಿಯ ಉಸಿರು ಸ್ವಲ್ಪ ಜೋರಾಗಿದೆ ಎಂದು ಮೊದಲು ಗಮನಿಸುವವರು ನರ್ಸ್. ಅವರು ಆಗ ಇನ್ನೊಂದು ಬೆಡ್ ಹತ್ತಿರ ಡ್ರಿಪ್ ಬದಲಿಸುತ್ತಿದ್ದರೆ, ಅದು ಗಮನಕ್ಕೆ ಬರುವಾಗ ಬೆಳಗಾಗಿರುತ್ತದೆ. ಅಷ್ಟೊತ್ತಿಗೆ ರೋಗಿಯನ್ನು ಐಸಿಯುಗೆ ಸಾಗಿಸಬೇಕಾಗಬಹುದು. ಸಂಬಳದಲ್ಲಿ ಉಳಿಸಿದ್ದು ಅಲ್ಲಿ ಕರಗಿಹೋಗುತ್ತದೆ. ರೋಗಿ ಅನುಭವಿಸುವುದಕ್ಕಂತೂ ಲೆಕ್ಕವೇ ಇಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ಒಂದು ದಿನ ಬಿಡುವು ಮಾಡಿಕೊಂಡು, ಡಿಸ್ಚಾರ್ಜ್ ಆಗುವ ಒಬ್ಬ ರೋಗಿಯ ಫೈಲಿನ ಹಿಂದೆಯೇ ಓಡಾಡಿ. ಹೊಸ ಮ್ಯಾನೇಜರ್‌ಗಳಿಗೆ ನಾನು ಮೊದಲು ಹೇಳುವ ಕೆಲಸ ಇದೇ. ಬೆಳಗ್ಗೆ 9ಕ್ಕೆ ರೌಂಡ್ಸ್‌ಗೆ ಬಂದ ಡಾಕ್ಟರ್ "ಇವತ್ತು ಮನೆಗೆ ಹೋಗಬಹುದು" ಅನ್ನುತ್ತಾರೆ. ಡಿಸ್ಚಾರ್ಜ್ ಸಮ್ಮರಿ ಬರೆಯಬೇಕಾದ ಜೂನಿಯರ್ ಡಾಕ್ಟರ್ ಇನ್ನೂ ರೌಂಡ್ಸ್‌ನಲ್ಲೇ ಇರುತ್ತಾರೆ. 11ಕ್ಕೆ ಸಮ್ಮರಿ ಸಿದ್ಧವಾದರೆ ಸಹಿ ಬಾಕಿ. ಉಳಿದ ಔಷಧ ಫಾರ್ಮಸಿಗೆ ವಾಪಸ್ ಹೋಗಬೇಕು. ಲ್ಯಾಬಿನ ಒಂದು ಟೆಸ್ಟ್ ಬಿಲ್ಲಿಗೆ ಸೇರಿಲ್ಲ ಎಂದು ಬಿಲ್ಲಿಂಗ್‌ನಿಂದ ಫೋನ್ ಬರುತ್ತದೆ. ವಿಮೆ ಕಂಪನಿಯ ಒಪ್ಪಿಗೆ ಬರಬೇಕು. ರೋಗಿ ಬಟ್ಟೆ ಬದಲಿಸಿ, ಚೀಲ ಪಕ್ಕಕ್ಕಿಟ್ಟುಕೊಂಡು ಬೆಡ್ಡಿನ ತುದಿಯಲ್ಲಿ ಕೂತಿರುತ್ತಾರೆ. ಹೊರಡುವಾಗ ಸಂಜೆ 4 ಗಂಟೆ. ಅಷ್ಟು ಹೊತ್ತೂ ಎಮರ್ಜೆನ್ಸಿಯಲ್ಲಿ ಇನ್ನೊಬ್ಬರು ಅದೇ ಬೆಡ್ಡಿಗಾಗಿ ಟ್ರಾಲಿ ಮೇಲೆ ಮಲಗಿ ಕಾಯುತ್ತಿರುತ್ತಾರೆ.

ಇಲ್ಲಿ ಯಾರೂ ಸುಮ್ನೆ ಕೂತಿಲ್ಲ, ಅದನ್ನು ಗಮನಿಸಿ. ಎಲ್ಲರೂ ಓಡಾಡುತ್ತಲೇ ಇದ್ದಾರೆ. ಫೈಲು ಮಾತ್ರ ಪ್ರತಿ ಮೇಜಿನ ಮೇಲೂ ಒಂದೊಂದು ಗಂಟೆ ಕೂರುತ್ತಿದೆ. ನಾಳೆ ಯಾರು ಹೊರಡಬಹುದು ಎಂದು ಇವತ್ತು ಸಂಜೆಯೇ ಗುರುತಿಸಿ. ಸಮ್ಮರಿ, ಬಿಲ್ ಎರಡನ್ನೂ ರಾತ್ರಿಯೇ ಅರ್ಧ ಮುಗಿಸಿಡಿ. ಹೊಸದಾಗಿ ಒಂದೂ ಬೆಡ್ ಹಾಕದೆ ನಿಮಗೆ ಬೆಡ್‌ಗಳು ಸಿಗುತ್ತವೆ.

ಇನ್ನೊಂದು ದೊಡ್ಡ ಸೋರಿಕೆ, ಆಸ್ಪತ್ರೆಯಲ್ಲೇ ಹತ್ತುವ ಸೋಂಕು. ಐಸಿಯುಗಳಲ್ಲಿ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯಿಂದ, ಅಂದರೆ ಸೆಂಟ್ರಲ್ ಲೈನ್‌ನಿಂದ, ರಕ್ತಕ್ಕೆ ಸೋಂಕು ತಗಲುತ್ತದೆ. ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯರು ಇದಕ್ಕೆ ಬರೀ 5 ಅಂಶಗಳ ಚೆಕ್‌ಲಿಸ್ಟ್ ತಂದರು. ಕೈ ತೊಳೆಯಿರಿ, ಗೌನು, ಮಾಸ್ಕ್ ಹಾಕಿ ರೋಗಿಯ ಮೈಯನ್ನೂ ಪೂರ್ತಿ ಮುಚ್ಚಿ, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕದಿಂದ ಒರೆಸಿ, ಆದಷ್ಟು ತೊಡೆಸಂದಿನಲ್ಲಿ ಚುಚ್ಚಬೇಡಿ, ಬೇಡವಾದ ಲೈನನ್ನು ತಕ್ಷಣ ತೆಗೆಯಿರಿ. ಇವು ಎಲ್ಲರಿಗೂ ಗೊತ್ತಿದ್ದವೇ. ಹೊಸದು ಒಂದಿತ್ತು: ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೂ ಅವರನ್ನು ಅಲ್ಲೇ ನಿಲ್ಲಿಸುವ ಅಧಿಕಾರವನ್ನು ನರ್ಸ್‌ಗೆ ಕೊಟ್ಟರು. ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಇದು ಜಾರಿಗೆ ಬಂತು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 18 ತಿಂಗಳಲ್ಲಿ ಸೋಂಕು ಶೇ 66ರಷ್ಟರವರೆಗೆ ಕಡಿಮೆಯಾಗಿತ್ತು. ದುಬಾರಿ ಯಂತ್ರ ಯಾವುದೂ ಬೇಕಾಗಲಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ಹಿರಿಯ ಡಾಕ್ಟರ್‌ಗೆ "ಸರ್, ಒಂದು ನಿಮಿಷ ನಿಲ್ಲಿ" ಎಂದು ಹೆದರದೆ ಹೇಳಬಹುದಾ? ಖರ್ಚಿನ ಮೀಟಿಂಗ್‌ನಲ್ಲಿ ಈ ಪ್ರಶ್ನೆಯನ್ನೂ ಇಡಿ.

ಪ್ರಶ್ನೆ: ಫೋನು, ಟಿವಿ, ಕಂಪ್ಯೂಟರ್ ಎಲ್ಲ ತಂತ್ರಜ್ಞಾನ ಬೆಳೆದಂತೆ ಅಗ್ಗವಾದವು. ಚಿಕಿತ್ಸೆ ಮಾತ್ರ ಏಕೆ ದುಬಾರಿಯಾಗುತ್ತಲೇ ಇದೆ?

ಉತ್ತರ: ಮುಖ್ಯ ಕಾರಣ ಒಂದನ್ನು ಹೇಳುತ್ತೇನೆ. ಕಾರ್ಖಾನೆಯಲ್ಲಿ ಒಬ್ಬರು ಮೊದಲಿಗಿಂತ ಹತ್ತು ಪಟ್ಟು ಟಿವಿ ಜೋಡಿಸಬಹುದು. ಗಾಯಕ್ಕೆ ಬ್ಯಾಂಡೇಜ್ ಕಟ್ಟಲು, ಹೆದರಿದ ರೋಗಿಗೆ ಧೈರ್ಯ ಹೇಳಲು ಮಾತ್ರ ಇವತ್ತಿಗೂ ಅಷ್ಟೇ ಹೊತ್ತು ಬೇಕು. ಬೇರೆ ಕಡೆ ಸಂಬಳ ಏರಿದಾಗ ಇಲ್ಲೂ ಏರಿಸಲೇಬೇಕು, ಇಲ್ಲದಿದ್ದರೆ ಈ ಕೆಲಸಕ್ಕೆ ಯಾರು ಬರುತ್ತಾರೆ? ಅರ್ಥಶಾಸ್ತ್ರಜ್ಞ ವಿಲಿಯಂ ಬೌಮಾಲ್ 1960ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಜೊತೆಗೆ, ವೈದ್ಯಕೀಯದಲ್ಲಿ ಹೊಸ ಯಂತ್ರ ಬಂದರೂ ಹಳೆಯ ಪರೀಕ್ಷೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಎರಡೂ ನಡೆಯುತ್ತವೆ.

ಪ್ರಶ್ನೆ: ನಮ್ಮ ತಂದೆಗೆ ಮಂಡಿ ಆಪರೇಷನ್ ಆಗಬೇಕಿದೆ. ಎರಡು ಆಸ್ಪತ್ರೆ ನೋಡಿದೆವು, ಒಂದರಲ್ಲಿ ಖರ್ಚು ತುಂಬಾ ಜಾಸ್ತಿ. ಜಾಸ್ತಿ ದುಡ್ಡು ಕೊಟ್ಟರೆ ಚಿಕಿತ್ಸೆಯೂ ಚೆನ್ನಾಗಿರುತ್ತದೆ ಅಲ್ವಾ?

ಉತ್ತರ: ಹಾಗೆ ಅಂದುಕೊಳ್ಳಬೇಡಿ. ಬಿಲ್ ನೋಡಿ ಗುಣಮಟ್ಟ ಅಳೆಯಲು ಆಗುವುದಿಲ್ಲ. ಎಷ್ಟು ಚಿಕಿತ್ಸೆ ಕೊಟ್ಟರು ಅನ್ನುವುದೂ ಅಳತೆಯಲ್ಲ. ಜಾನ್ ವೆನ್ಬರ್ಗ್ ಮತ್ತು ಅಲನ್ ಗಿಟಲ್‌ಸನ್ 1973ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ದಾಖಲೆಗಳನ್ನು ಹೋಲಿಸಿದಾಗ, ಟಾನ್ಸಿಲ್ ಆಪರೇಷನ್ ಒಂದು ಪ್ರದೇಶದಲ್ಲಿ ಇನ್ನೊಂದಕ್ಕಿಂತ ಹಲವು ಪಟ್ಟು ಹೆಚ್ಚು ನಡೆಯುತ್ತಿತ್ತು. ಅಲ್ಲಿಯ ಜನ ಅಷ್ಟು ಪಟ್ಟು ಹೆಚ್ಚು ಕಾಯಿಲೆ ಬಿದ್ದಿರಲಿಲ್ಲ. ಡಾಕ್ಟರ್‌ಗಳ ರೂಢಿ ಬೇರೆ ಇತ್ತು.

ನೋಡಬೇಕಾದದ್ದು, ಆಪರೇಷನ್ ಆದ ಮೇಲೆ ರೋಗಿ ಹೇಗಿದ್ದಾರೆ ಅನ್ನುವುದನ್ನು. ಬಾಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್ಮನ್ ನೂರು ವರ್ಷಕ್ಕೂ ಹಿಂದೆ ಪ್ರತಿ ರೋಗಿಗೂ ಒಂದು ಕಾರ್ಡ್ ಇಟ್ಟಿದ್ದರು. ವರ್ಷದ ಮೇಲೆ ಮತ್ತೆ ವಿಚಾರಿಸಿ ಅದರಲ್ಲಿ ಬರೆಯುತ್ತಿದ್ದರು. 1911ರಿಂದ 1916ರವರೆಗೆ ತಮ್ಮ ಆಸ್ಪತ್ರೆಯಿಂದ ಹೋದ 337 ರೋಗಿಗಳ ವಿಷಯದಲ್ಲಿ 123 ತಪ್ಪುಗಳಾಗಿವೆ ಎಂದು ತಾವೇ ಅಚ್ಚು ಹಾಕಿಸಿದರು. ಅಂಥ ಪ್ರಾಮಾಣಿಕತೆಯನ್ನು ನಾನು ತುಂಬಾ ಗೌರವಿಸುತ್ತೇನೆ.

ನೀವು ಎರಡೂ ಕಡೆ ಇಷ್ಟು ಕೇಳಿ. ಈ ಸರ್ಜನ್ ವರ್ಷಕ್ಕೆ ಎಷ್ಟು ಮಂಡಿ ಆಪರೇಷನ್ ಮಾಡುತ್ತಾರೆ? ಎಷ್ಟು ಜನರಿಗೆ ಸೋಂಕಾಯಿತು? ತಿಂಗಳೊಳಗೆ ಎಷ್ಟು ಜನ ಮತ್ತೆ ಅಡ್ಮಿಟ್ ಆದರು? ಈಗಲೇ ಆಪರೇಷನ್ ಮಾಡಿಸದೆ ವ್ಯಾಯಾಮ, ಔಷಧದಲ್ಲಿ ಇನ್ನಷ್ಟು ದಿನ ನೋಡಬಹುದಾ? ಕೇಳಲು ಸಂಕೋಚ ಬೇಡ, ಇದು ನಿಮ್ಮ ತಂದೆಯ ಕಾಲಿನ ವಿಷಯ. ಸೋಂಕು ನಮ್ಮಲ್ಲಿ ಸೊನ್ನೆ ಎಂದು ತಟ್ಟನೆ ಹೇಳಿದರೆ ಆ ಲೆಕ್ಕ ತೋರಿಸಿ ಅನ್ನಿ. ಸಂಖ್ಯೆ ಹೇಳಿ, ಅದು ಯಾಕೆ ಹಾಗಾಯಿತು ಎಂದೂ ವಿವರಿಸುವ ಕಡೆಗೆ ನಾನಾಗಿದ್ದರೆ ಹೋಗುತ್ತಿದ್ದೆ.