ಟರ್ನಿಂಗ್ ಮಧ್ಯೆ ಗಾಡಿ ಜರ್ಕ್ ಹೊಡೆಯೋದು ಯಾಕೆ?

ಪ್ರಶ್ನೆ: ಸರ್, ಬೈಕ್ ಓಡಿಸೋಕೆ ಶುರು ಮಾಡಿ ಎರಡು ವರ್ಷ ಆಯ್ತು, ನೇರ ರೋಡಲ್ಲಿ ಏನೂ ತೊಂದ್ರೆ ಇಲ್ಲ. ಆದ್ರೆ ಟರ್ನಿಂಗಲ್ಲಿ ಗಾಡಿ ವಾಲಿಸಿದ ಮೇಲೆ ಆಕ್ಸಿಲರೇಟರ್ ಕೊಟ್ರೆ ಜರ್ಕ್ ಹೊಡೆದು ಹೊರಗಡೆಗೆ ಎಳೆಯುತ್ತೆ, ಭಯ ಆಗಿ ಬಿಟ್ರೆ ಮುಂದಕ್ಕೆ ಮುಗ್ಗರಿಸಿದ ಹಾಗಾಗುತ್ತೆ. ಇದು ನನ್ನ ಕೈ ತಪ್ಪಾ, ಗಾಡಿ ತಪ್ಪಾ?

ಉತ್ತರ: ಎರಡೂ ಸ್ವಲ್ಪ ಸ್ವಲ್ಪ ಇರಬಹುದು, ಆದ್ರೆ ನೀವು ಬರೆದಿದ್ದು ನೋಡಿದ್ರೆ ಜಾಸ್ತಿ ಪಾಲು ಕೈದೇ ಅನ್ಸುತ್ತೆ, ಅದು ಒಳ್ಳೇ ಸುದ್ದಿ ಯಾಕಂದ್ರೆ ಕೈ ತಿದ್ದೋಕೆ ಖರ್ಚಿಲ್ಲ.

ಮೊದಲು ಆ ಜರ್ಕ್ ಎಲ್ಲಿಂದ ಬರುತ್ತೆ ನೋಡಿ. ಥ್ರಾಟಲ್ (ಅಂದ್ರೆ ನೀವು ಹೇಳೋ ಆಕ್ಸಿಲರೇಟರ್) ಪೂರ್ತಿ ಮುಚ್ಚಿದಾಗ ಹಿಂದಿನ ಚಕ್ರನೇ ಎಂಜಿನ್ನನ್ನ ತಿರುಗಿಸ್ತಿರುತ್ತೆ, ಆಗ ಚೈನಿನ ಕೆಳಗಿನ ಭಾಗ ಬಿಗಿ, ಮೇಲಿನ ಭಾಗ ಸಡಿಲ. ಥ್ರಾಟಲ್ ತೆರೆದ ತಕ್ಷಣ ಇದು ಉಲ್ಟಾ ಆಗ್ಬೇಕು. ಆ ಗ್ಯಾಪಲ್ಲಿ ಚೈನಿನ ಸಡಿಲ, ಗೇರ್‌ಬಾಕ್ಸ್ ಒಳಗಿನ ಸಂದುಗಳು, ಹಿಂದಿನ ಹಬ್ (ಚಕ್ರದ ನಡುಭಾಗ) ಒಳಗಿರೋ ರಬ್ಬರು ಎಲ್ಲಾ ಸೇರ್ಕೊಂಡು ಒಂದೇ ಸಲ ಟಕ್ ಅಂತ ಹೊಡೆಯುತ್ತೆ. ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಇನ್ನೊಂದು ವಿಷಯ ಇದೆ, ಥ್ರಾಟಲ್ ಮುಚ್ಕೊಂಡು ಓಡ್ತಿರುವಾಗ ಸಾಮಾನ್ಯವಾಗಿ ಪೆಟ್ರೋಲ್ ಸಪ್ಲೈ ಪೂರ್ತಿ ನಿಂತಿರುತ್ತೆ, ಮತ್ತೆ ಶುರುವಾಗೋ ಆ ಕ್ಷಣನೂ ಒಂದು ಏಟು. ಅಂದ್ರೆ ತೊಂದ್ರೆ ಇರೋದು ಥ್ರಾಟಲಿನ ಮೊದಲ ಕೂದಲೆಳೆಯಷ್ಟು ತಿರುವಲ್ಲಿ ಮಾತ್ರ, ಅದು ದಾಟಿದ ಮೇಲೆ ಯಾವ ಗಾಡಿನೂ ಮೆತ್ತಗೇ ಹೋಗುತ್ತೆ.

ಹಾಗಾಗಿ ಆ ಕೂದಲೆಳೆಯನ್ನ ನೀವು ಗಾಡಿ ಪೂರ್ತಿ ವಾಲಿದಾಗ ದಾಟ್ತಿದ್ದೀರ, ಅದೇ ಸಮಸ್ಯೆ. ಮುಂಚೆನೇ ದಾಟಿ. ಬ್ರೇಕು, ಗೇರು ಇಳಿಸೋದು ಎಲ್ಲಾ ಟರ್ನಿಂಗಿಗೆ ಮುಂಚೆ ಮುಗಿಸಿ, ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪ ಕಮ್ಮಿ ಸ್ಪೀಡಲ್ಲೇ ಒಳಗೆ ಹೋಗಿ, ಬ್ರೇಕ್ ಬಿಡ್ತಾ ಬಿಡ್ತಾ ಥ್ರಾಟಲ್ ಸ್ವಲ್ಪವೇ ತೆರೀರಿ, ಚೈನ್ ಬಿಗಿಯಾಗಿದ್ದು ಕಾಲಿಗೆ, ಸೀಟಿಗೆ ಗೊತ್ತಾಗುತ್ತೆ, ಅಲ್ಲೇ ಅರೆಕ್ಷಣ ನಿಲ್ಸಿ. ಆಮೇಲೆ ಮತ್ತೆ ಮುಚ್ಚಬೇಡಿ, ಒಂದೇ ಸಮ ಸ್ವಲ್ಪ ಸ್ವಲ್ಪನೇ ತೆಗೀತಾ ಹೋಗಿ. ವಾಲಿದ ಗಾಡಿ ತಾನಾಗೇ ಸ್ಪೀಡ್ ಕಳ್ಕೊಳ್ಳುತ್ತೆ, ಟೈರು ಅಂಚಿನ ಮೇಲೆ ಉರುಳ್ತಾ ಇರುತ್ತಲ್ಲ, ಅಲ್ಲಿ ಸುತ್ತಳತೆ ಕಮ್ಮಿ, ಜೊತೆಗೆ ತಿರುಗೋದಕ್ಕೇ ಒಂದಷ್ಟು ಶಕ್ತಿ ಹೋಗುತ್ತೆ, ಹಾಗಾಗಿ ಅಷ್ಟು ಕೊಟ್ರೆ ಸ್ಪೀಡ್ ಜಾಸ್ತಿ ಆಗಲ್ಲ, ಇದ್ದಷ್ಟೇ ಇರುತ್ತೆ. ಮುಂದಿನ ಫೋರ್ಕ್ (ಮುಂದಿನ ಚಕ್ರದ ಸಸ್ಪೆನ್ಷನ್) ಮೇಲಿನ ಭಾರ ಹಗುರ ಆಗಿ ಗಾಡಿ ಅಲುಗಾಡದೆ ಕೂರುತ್ತೆ. ಟರ್ನಿಂಗಿನ ಕೊನೆ ಕಂಡು ಗಾಡಿ ಎದ್ದೇಳೋಕೆ ಶುರು ಆದ್ಮೇಲೆ ಬೇಕಿದ್ರೆ ಜಾಸ್ತಿ ಕೊಡಿ. ವಾಲಿರುವಾಗ ಟೈರಿನ ಹಿಡಿತದಲ್ಲಿ ದೊಡ್ಡ ಪಾಲು ತಿರುಗೋದಕ್ಕೇ ಖರ್ಚಾಗಿರುತ್ತೆ, ಆವಾಗ ಜೋರಾಗಿ ತಿರುಚಿದ್ರೆ ಹೊರಗಡೆ ಎಳೆಯುತ್ತೆ, ಇಲ್ಲ ಹಿಂದಿನ ಚಕ್ರ ಜಾರುತ್ತೆ.

ಸ್ಪೀಡ್ ಜಾಸ್ತಿ ಆಯ್ತು ಅನ್ಸಿದಾಗ ದಯವಿಟ್ಟು ಥ್ರಾಟಲ್ ಟಪ್ ಅಂತ ಬಿಡಬೇಡಿ. ಭಾರ ಎಲ್ಲಾ ಮುಂದಕ್ಕೆ ಬಿದ್ದು ಫೋರ್ಕ್ ಕೂರುತ್ತೆ, ಅಡಿಯಲ್ಲಿ ಫುಟ್‌ರೆಸ್ಟ್ ತಾಗೋ ಚಾನ್ಸು ಬೇರೆ. ಮೆಲ್ಲಗೆ ಇಳಿಸಿ, ಮೆಲ್ಲಗೆ ಇಳಿಸಿದ್ರೆ ಗಾಡಿ ಒಳಗಡೆಗೇ ಬರುತ್ತೆ. ಕಣ್ಣು ನೀವು ಹೋಗ್ಬೇಕಾದ ಕಡೆ ಇರ್ಲಿ.

ಇನ್ನು ಕೈ. ಹ್ಯಾಂಡಲ್ ಮೇಲೆ ಮೈಭಾರ ಹಾಕಿ ಕೂತಿದ್ರೆ ಒಂದೊಂದು ಗುಂಡಿಗೂ ಮಣಿಕಟ್ಟು ಅಲುಗಿ ಥ್ರಾಟಲ್ ತಾನೇ ಹೆಚ್ಚುಕಮ್ಮಿ ಆಗುತ್ತೆ. ಮಂಡಿಯಲ್ಲಿ ಟ್ಯಾಂಕ್ ಹಿಡೀರಿ, ಮೊಣಕೈ ಸಡಿಲ ಬಿಡಿ, ಗ್ರಿಪ್ಪನ್ನ ಸ್ಕ್ರೂಡ್ರೈವರ್ ಹಿಡಿಯೋ ಥರ ಸ್ವಲ್ಪ ಓರೆಯಾಗಿ ಹಿಡೀರಿ. ನಾನು ಕಲಿಯೋರಿಗೆ ಮೊದಲು ಹೇಳೋದೇ ಇದು, ಎಷ್ಟೋ ಜನರ ಜರ್ಕ್ ಇಷ್ಟಕ್ಕೇ ಅರ್ಧ ಕಮ್ಮಿ ಆಗಿದೆ.

ಗಾಡಿ ಕಡೆ ಮೂರು ನೋಡ್ಕೊಳ್ಳಿ. ಗ್ರಿಪ್ ಹತ್ರ ಕೇಬಲ್ಲಿನ ಫ್ರೀ ಪ್ಲೇ (ಥ್ರಾಟಲ್ ತೆರೆಯೋಕೆ ಮುಂಚೆ ಗ್ರಿಪ್ ಸುಮ್ನೆ ತಿರುಗೋ ಅಂತರ) ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಇರುತ್ತೆ, ಚೈನಿನ ಸಡಿಲ (ಕೆಳಗಿನ ಭಾಗ ಮಧ್ಯದಲ್ಲಿ ಮೇಲೆ ಕೆಳಗೆ ಆಡೋ ಅಂತರ) ಎಷ್ಟೋ ಗಾಡಿಗಳಲ್ಲಿ 20ರಿಂದ 30 ಮಿಲಿಮೀಟರ್, ನಿಮ್ಮದಕ್ಕೆ ಎಷ್ಟು ಅಂತ ಮ್ಯಾನ್ಯುಯಲ್ಲಲ್ಲಿ ನೋಡಿ, ಅದೇ ಫೈನಲ್. ಚೈನನ್ನ ಒಂದೇ ಕಡೆ ಅಳೀಬೇಡಿ, ಚಕ್ರ ತಿರುಗಿಸಿ ನಾಲ್ಕು ಕಡೆ ನೋಡಿ, ಹಳೇ ಚೈನ್ ಒಂದು ಕಡೆ ಬಿಗಿ ಒಂದು ಕಡೆ ಸಡಿಲ ಇರುತ್ತೆ. ಮತ್ತೆ ಗ್ರಿಪ್ ಬಿಟ್ರೆ ತಾನಾಗೇ ವಾಪಸ್ ಹೋಗ್ಬೇಕು, ಎಂಜಿನ್ ಆನ್ ಇಟ್ಟು ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದ್ರೂ ಎಂಜಿನ್ ಶಬ್ದ ಏರಬಾರದು.

ಪ್ರಾಕ್ಟೀಸ್ ನೇರ, ಖಾಲಿ ರೋಡಲ್ಲೇ ಮಾಡಿ. ಮೂರನೇ ಗೇರು, 40 ಕಿಮೀ ಸ್ಪೀಡು, ಥ್ರಾಟಲ್ ಮುಚ್ಚಿ, ಆ ಟಕ್ ಅನ್ನೋದು ಗೊತ್ತಾಗದ ಹಾಗೆ ಮತ್ತೆ ತೆಗೀರಿ. ಹತ್ತಕ್ಕೆ ಹತ್ತು ಸಲ ಬರೋವರೆಗೂ ಟರ್ನಿಂಗಲ್ಲಿ ಟ್ರೈ ಮಾಡಬೇಡಿ.

ಪ್ರಶ್ನೆ: ಯೂ ಟರ್ನ್ ಹೊಡೆಯುವಾಗ್ಲೂ ಹೀಗೇ ಮಾಡ್ಬೇಕಾ?

ಉತ್ತರ: ಇಲ್ಲ, ಅಷ್ಟು ನಿಧಾನ ಸ್ಪೀಡಲ್ಲಿ ಥ್ರಾಟಲ್ ಆಡಿಸಲೇಬೇಡಿ. ಸ್ವಲ್ಪ ಕೊಟ್ಟು ಅಲ್ಲೇ ಹಿಡೀರಿ, ಹಾಫ್ ಕ್ಲಚ್ಚಲ್ಲಿ ಕಂಟ್ರೋಲ್ ಮಾಡಿ, ಹಿಂದಿನ ಬ್ರೇಕ್ ಮೇಲೆ ಹಗುರವಾಗಿ ಕಾಲಿಡಿ. ಮುಂದಿನ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲ್ ತಿರುಗಿದಾಗ ಅದನ್ನ ಹಿಡಿದ್ರೆ ಗಾಡಿ ಅಲ್ಲೇ ಪಕ್ಕಕ್ಕೆ ಮಲಗುತ್ತೆ.