ಸಂಪಾದಕರ ಉತ್ತರ: ಹುಲ್ಲು ನೋಡಿದಿರಿ, ಶಾಲೆ ನೋಡಿದಿರಾ?

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು ನ್ಯೂಜೆರ್ಸಿಯ ಮಗಳ ಮನೆಯಲ್ಲಿದ್ದು ಬಂದು ಬರೆದಿದ್ದಾರೆ: "ಅಮೆರಿಕದಲ್ಲಿ ಮೇಲು ಕೀಳು ಇಲ್ಲ. ಮ್ಯಾನೇಜರೇ ತನ್ನ ಅಂಗಳದ ಹುಲ್ಲು ಕತ್ತರಿಸುತ್ತಾನೆ. ಬಾಸನ್ನೂ ಹೆಸರು ಹಿಡಿದು ಕರೆಯುತ್ತಾರೆ. ನಾವು ಕಲಿಯುವುದು ಯಾವಾಗ?"

ಮೇಷ್ಟ್ರೇ, ಮೈಬಗ್ಗಿಸಿ ದುಡಿಯಲು ನಾಚದವರನ್ನು ಕಂಡರೆ ನನಗೂ ಗೌರವ. ಅದನ್ನು ನಾವು ಕಲಿಯಲೇಬೇಕು. ಆದರೆ ಜೀವಮಾನವಿಡೀ ಪಾಠ ಹೇಳಿದ ನೀವು ಅಲ್ಲಿನ ಹುಲ್ಲು ನೋಡಿ ಬಂದಿರಿ, ಶಾಲೆ ನೋಡಲಿಲ್ಲವಲ್ಲ!

ಆ ಮನೆಯನ್ನೇ ಯಾಕೆ ಆರಿಸಿಕೊಂಡೆ ಅಂತ ಮಗಳನ್ನು ಕೇಳಿ. ಅಲ್ಲಿರುವ ನನ್ನ ನೆಂಟರು, ಗೆಳೆಯರು ಎಲ್ಲರದೂ ಒಂದೇ ಉತ್ತರ: "ಸ್ಕೂಲ್ ಡಿಸ್ಟ್ರಿಕ್ಟ್ ಚೆನ್ನಾಗಿದೆ." ಅಂದರೆ ಆ ಊರಿನ ಸರ್ಕಾರಿ ಶಾಲೆಗಳ ವ್ಯಾಪ್ತಿ. ಮನೆ ಯಾವ ವ್ಯಾಪ್ತಿಯಲ್ಲಿದೆಯೋ ಮಗು ಸಾಮಾನ್ಯವಾಗಿ ಅಲ್ಲಿನ ಸರ್ಕಾರಿ ಶಾಲೆಗೇ ಹೋಗಬೇಕು. ಅಲ್ಲಿ ಸರ್ಕಾರಿ ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಶಾಲೆ ಚೆನ್ನಾಗಿದ್ದಷ್ಟೂ ಮನೆ ದುಬಾರಿ. ಫೀಸಿಲ್ಲ, ನಿಜ. ಅದು ಮನೆಯ ಬೆಲೆಯೊಳಗೇ ಸೇರಿಹೋಗಿದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಡಿಗ್ರಿ ಹಿಡಿದು ಹೋದವರು, ಅವರ ನೆರೆಹೊರೆಯವರೂ ಅಂಥವರೇ. ನೀವು ಕಂಡದ್ದು ಒಂದೇ ಮೆಟ್ಟಿಲ ಮೇಲಿನ ಜನ. ಅಲ್ಲಿ ಮೇಲು ಕೀಳು ಹೇಗೆ ಕಾಣಬೇಕು?

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಕಥೆ ಕೇಳಿ. ಎಜ್‌ವುಡ್ ಬಡವರ ಕಡೆ, ಹೆಚ್ಚಿನವರು ಮೆಕ್ಸಿಕನ್ ಮೂಲದವರು. ಅಲಾಮೊ ಹೈಟ್ಸ್ ಉಳ್ಳವರದು. 1967–68ರಲ್ಲಿ ಎಜ್‌ವುಡ್ ಜನ ಜಾಸ್ತಿ ದರದಲ್ಲಿ ತೆರಿಗೆ ಕಟ್ಟಿದರೂ ಅದರಿಂದ ಶಾಲೆಗೆ ಸಿಕ್ಕಿದ್ದು ಮಗುವೊಂದಕ್ಕೆ 26 ಡಾಲರ್. ಕಡಿಮೆ ದರ ಕಟ್ಟಿದ ಅಲಾಮೊ ಹೈಟ್ಸ್‌ನಲ್ಲಿ 333! ಡೆಮೆಟ್ರಿಯೊ ರಾಡ್ರಿಗಸ್ ಎಂಬ ತಂದೆ ಇತರ ಪೋಷಕರ ಜೊತೆ ಕೋರ್ಟಿಗೆ ಹೋದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಇದರಲ್ಲಿ ಸಂವಿಧಾನಕ್ಕೆ ವಿರುದ್ಧವಾದದ್ದೇನೂ ಇಲ್ಲ ಎಂದರು. ನಾಲ್ವರು ಒಪ್ಪಲಿಲ್ಲ. ಓದಿದಾಗಲೆಲ್ಲ ಮೈ ಉರಿಯುತ್ತದೆ.

ನಿಮ್ಮ ಮಗಳಿರುವ ನ್ಯೂಜೆರ್ಸಿ ಇದಕ್ಕಿಂತ ಮೇಲು. ನ್ಯೂವಾರ್ಕ್, ಕ್ಯಾಮ್ಡನ್‌ನಂಥ ಬಡ ನಗರಗಳ ಶಾಲೆಗಳಿಗೂ ಉಳ್ಳವರ ಊರಿನಷ್ಟೇ ಹಣ ಸಿಗಬೇಕು ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 1990ರಲ್ಲಿ ತೀರ್ಪು ಕೊಟ್ಟಿತು. ಹಣವೇನೋ ಬಂತು. ಊರಿನ ಗಡಿ ಹಾಗೇ ಉಳಿಯಿತು. ಉಳ್ಳವರ ಮಗುವಿನ ಪಕ್ಕದಲ್ಲಿ ಇಲ್ಲದವರ ಮಗು ಕೂರದಿದ್ದರೆ ಅದೆಂಥ ಸಮಾನತೆ?

ಇನ್ನು ಹೆಸರು ಹಿಡಿದು ಕರೆಯುವ ವಿಷಯ. ಅಲ್ಲಿ ಹೋಟೆಲಿಗೆ ಹೋಗಿದ್ದಿರಿ ಅಲ್ವಾ? ಬಡಿಸುವ ಹುಡುಗಿ ನಗುತ್ತಾ ತನ್ನ ಹೆಸರು ತಾನೇ ಹೇಳುತ್ತಾಳೆ. ಟಿಪ್ಸ್ ಸಿಗುವ ಕೆಲಸಕ್ಕೆ, ಟಿಪ್ಸ್ ಬಿಟ್ಟು ಮಾಲೀಕ ಕೊಡಬೇಕೆಂದು ಕೇಂದ್ರದ ಕಾನೂನು ಹೇಳುವ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಒಂದು ಸೆಂಟೂ ಏರಿಲ್ಲ. ಎಷ್ಟೋ ರಾಜ್ಯಗಳು ಜಾಸ್ತಿ ಕೊಡಿಸುತ್ತವೆ, ಟೆಕ್ಸಾಸ್ ಕೊಡಿಸುವುದಿಲ್ಲ. ಹೆರಿಗೆಯಾದರೆ ಸಂಬಳದ ರಜೆ ಕೊಡಲೇಬೇಕು ಎಂಬ ಕಾನೂನು ಇಡೀ ದೇಶಕ್ಕೆ ಇಲ್ಲ. 1993ರ ಕಾನೂನು ಕೊಡಿಸುವುದು ಸಂಬಳವಿಲ್ಲದ 12 ವಾರ, ಅದೂ ಎಲ್ಲರಿಗಲ್ಲ. ಇಂಥವಳು ಹೆಸರು ಹಿಡಿದು ಮಾತಾಡಿದ ಮಾತ್ರಕ್ಕೆ ಸರಿಸಮಾನಳಾದಳೇ?

ಮುಂದಿನ ಸಲ ಹೋದಾಗ ಅಂಥವಳೊಬ್ಬಳ ಮಗು ಯಾವ ಶಾಲೆಗೆ ಹೋಗುತ್ತದೆ ಎಂದು ವಿಚಾರಿಸಿ ಬರೆಯಿರಿ, ಮೇಷ್ಟ್ರೇ. ಎಷ್ಟು ಪುಟವಾದರೂ ಕೊಡುತ್ತೇನೆ.