ಆಪ್ತಸಲಹೆ ಪ್ರಕರಣ: ತಿದ್ದುವ ತಂದೆ, ಮೌನವಾಗಿ ಹೊರನಡೆಯುವ ಮಗ

ಕುಟುಂಬದ ಗುರುತು ಸಿಗದಂತೆ ಇಲ್ಲಿನ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಂದೆ ಬೆಂಗಳೂರಿನಲ್ಲಿ ಸಣ್ಣ ಕಾರ್ಖಾನೆ ನಡೆಸುವವರು, ಅರವತ್ತರ ಆಸುಪಾಸಿನವರು. ಮಗ ಅದೇ ಕಾರ್ಖಾನೆಯಲ್ಲಿ ಕೆಲಕಾಲ ದುಡಿದು, ಒಂದು ಜಗಳವನ್ನೂ ಆಡದೆ ಹೊರಬಂದು ಬೇರೆ ಉದ್ಯೋಗ ಹಿಡಿದವನು. ಒಂದೇ ಮನೆಯಲ್ಲಿದ್ದರೂ ಇಬ್ಬರ ನಡುವಿನ ಮಾತೆಲ್ಲ ತಾಯಿಯ ಮೂಲಕವೇ ಸಾಗುತ್ತಿತ್ತು. ಅದರಿಂದ ದಣಿದ ತಾಯಿಯೇ ಮೊದಲು ನನ್ನಲ್ಲಿಗೆ ಬಂದರು.

ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗೆ ಹಣ ಕೂಡಿಸಲು ತಂದೆಯ ಕ್ಲಬ್ಬಿನಲ್ಲಿ ಗಾಲ್ಫ್ ದಿನವೊಂದು ಏರ್ಪಾಡಾಗಿತ್ತು. ಮಗನನ್ನು ಕೇಳದೆಯೇ ತಂದೆ ಇಬ್ಬರ ಹೆಸರನ್ನೂ ಬರೆಸಿದ್ದರು. "ನಾನು ಬರಲ್ಲ ಅಂತ ಅಪ್ಪಂಗೆ ಹೇಳಿಬಿಡಮ್ಮ" ಎಂದು ಮಗ ಹೇಳಿದ್ದ. ಅದಕ್ಕೆ ಕಾರಣ ಹಳೆಯದು. ಶಾಲೆಯ ದಿನಗಳಲ್ಲಿ ಭಾನುವಾರಗಳಂದು ತಂದೆ ಅವನನ್ನು ಆಟಕ್ಕೆ ಕರೆದೊಯ್ದು, ಪ್ರತಿ ಹೊಡೆತಕ್ಕೂ "ತಲೆ ಎತ್ತಬೇಡ, ಮೊಣಕೈ ನೋಡ್ಕೋ" ಎಂದು ತಿದ್ದುತ್ತಿದ್ದರು. ಹತ್ತನೇ ತರಗತಿಯ ನೆಪ ಹೇಳಿ ಅವನು ಆಟ ಬಿಟ್ಟ. ಕಾರ್ಖಾನೆಯಲ್ಲಿ ನಡೆದದ್ದೂ ಇದೇ.

ಒಟ್ಟಿಗೆ ಆಡಿದರೆ ಮನಸ್ಸು ಹತ್ತಿರವಾಗುತ್ತದೆ ಎಂಬ ನಂಬಿಕೆ ನನಗೆ ಅಷ್ಟಾಗಿ ಇಲ್ಲ. ಒಬ್ಬರು ನುರಿತವರೂ ಇನ್ನೊಬ್ಬರು ಕಲಿಯುವವರೂ ಆದಾಗ ಮೈದಾನವೂ ಪಾಠಶಾಲೆಯೇ ಆಗಿಬಿಡುತ್ತದೆ. ಆದರೆ ಅಂದಿನ ಆಟ ಸ್ಕ್ರ್ಯಾಂಬಲ್ ಪದ್ಧತಿಯದೆಂದು ತಿಳಿದಾಗ ನನ್ನ ಅಭಿಪ್ರಾಯ ಬದಲಾಯಿತು. ಈ ಪದ್ಧತಿಯಲ್ಲಿ ತಂಡದವರೆಲ್ಲ ಹೊಡೆದ ಮೇಲೆ, ಯಾರ ಚೆಂಡು ಒಳ್ಳೆಯ ಜಾಗದಲ್ಲಿದೆಯೋ ಅಲ್ಲಿಂದಲೇ ಎಲ್ಲರೂ ಮುಂದಿನ ಹೊಡೆತ ಆಡುತ್ತಾರೆ. ಫ್ಲಾರಿಡಾದಲ್ಲಿ 1995ರಲ್ಲಿ ಆರಂಭವಾದ, 2020ರಲ್ಲಿ ಟೈಗರ್ ವುಡ್ಸ್ ತಮ್ಮ 11 ವರ್ಷದ ಮಗನೊಡನೆ ಆಡಿದ ತಂದೆ-ಮಕ್ಕಳ ಪಂದ್ಯದ್ದೂ ಇದೇ ಪದ್ಧತಿ. ಇಂಥ ಸಹಾಯಾರ್ಥ ಪಂದ್ಯಗಳಲ್ಲಿ ಪ್ರತಿಯೊಬ್ಬರ ಮೊದಲ ಹೊಡೆತವನ್ನೂ ಇಂತಿಷ್ಟು ಸಲ ಬಳಸಲೇಬೇಕೆಂಬ ನಿಯಮವನ್ನೂ ಹಲವರು ಇಡುತ್ತಾರೆ, ಇಲ್ಲಿಯೂ ಇತ್ತು. ಅಂದರೆ ಮಗನ ಚೆಂಡು ಬಿದ್ದ ಜಾಗಕ್ಕೆ ತಂದೆ ನಡೆದುಹೋಗಿ, ಅಲ್ಲಿಂದ ಆಡಲೇಬೇಕು. ನನಗೆ ಬೇಕಾದದ್ದು ಇದೇ ಆಗಿತ್ತು.

ಕೇಳದೆ ಹೆಸರು ಬರೆಸಿದ್ದಕ್ಕೆ ಮೊದಲು ಕ್ಷಮೆ ಕೇಳಿ, ಮಗನನ್ನು ತಾವೇ ಕರೆಯಬೇಕು, ಅವನು ಒಲ್ಲೆನೆಂದರೆ ಒಪ್ಪಿಕೊಳ್ಳಬೇಕು ಎಂದು ತಂದೆಗೆ ಹೇಳಿದೆ. ಮೈದಾನದಲ್ಲಿ ಅವನ ಹೊಡೆತದ ಬಗ್ಗೆ ಒಂದು ಮಾತೂ ಬೇಡ. "ಪರವಾಗಿಲ್ವೇ, ಕಲ್ತಿದ್ದೀಯ" ಎಂಬ ಮೆಚ್ಚುಗೆಯೂ ಬೇಡ, ಏಕೆಂದರೆ ಅದೂ ಅಂಕ ಕೊಡುವ ಮಾತೇ. ಮಾತಾಡಲೇಬೇಕೆನಿಸಿದರೆ "ಯಾವ ಚೆಂಡಿಂದ ಆಡೋಣ?" ಎಂದು ಅವನನ್ನೇ ಕೇಳಿ, ಅವನು ಹೇಳಿದಂತೆ ನಡೆಯಬೇಕು. 18 ಗುಳಿಗಳು ಮುಗಿಯಲು ನಾಲ್ಕೈದು ಗಂಟೆ ಬೇಕು. ಅಷ್ಟು ಹೊತ್ತು ಕಾರ್ಖಾನೆಯ ಸುದ್ದಿ ಎತ್ತಬಾರದು.

ಮಗನಿಗೆ ಹೇಳಿದ ಮಾತು ಅವನಿಗೆ ರುಚಿಸಲಿಲ್ಲ. ಆಟದಿಂದಲೂ ಕಾರ್ಖಾನೆಯಿಂದಲೂ ಅವನು ಸದ್ದಿಲ್ಲದೆ ಹೊರಬಂದದ್ದರಿಂದ, ತಮ್ಮ ತಪ್ಪೇನೆಂಬುದು ತಂದೆಗೆ ಎಂದೂ ಕಿವಿಗೆ ಬಿದ್ದಿರಲೇ ಇಲ್ಲ. ಹಳೆಯ ಮಾತು ಮತ್ತೆ ಬಂದರೆ ಮುಖ ತಿರುಗಿಸದೆ "ಅಪ್ಪ, ಇವತ್ತು ಬೇಡ" ಎಂದು ಅಲ್ಲೇ ಹೇಳಬೇಕೆಂದೆ. ತಾಯಿ ಅಂದು ಫೋನು ಮಾಡಿ ವಿಚಾರಿಸದಿರಲು ಒಪ್ಪಿದರು. ಮೂವರಲ್ಲಿ ಅತ್ಯಂತ ಕಷ್ಟದ ಕೆಲಸ ಅವರದೇ ಆಗಿತ್ತೇನೋ.

ತಂಡಕ್ಕೆ ಬಹುಮಾನ ಬರಲಿಲ್ಲ. ತಂದೆ ಒಮ್ಮೆ "ತಲೆ..." ಎಂದು ಶುರುಮಾಡಿ ತಾವೇ ನಿಲ್ಲಿಸಿದರಂತೆ, ಮಗ ನಕ್ಕನಂತೆ. ತಂದೆಯ ಚೆಂಡು ನೀರಿಗೆ ಬಿದ್ದಾಗ ಮಗನ ಚೆಂಡು ನಡು ಮೈದಾನದಲ್ಲಿ ಇದ್ದುದನ್ನು ತಂದೆಯೇ ನನಗೆ ಎರಡು ಸಲ ಹೇಳಿದರು. ಮಗ ಗಮನಿಸಿದ್ದು ಬೇರೆ: ಕೊನೆಯ ಸಣ್ಣ ಹೊಡೆತಗಳಿಗೆ ನಿಂತಾಗ ಅಪ್ಪನ ಬಲಗೈ ನಡುಗುತ್ತಿತ್ತು. ಹಿಂತಿರುಗುವಾಗ ಕಾರಿನಲ್ಲಿ ಅವನು ಅದನ್ನು ನೇರವಾಗಿ ಕೇಳಿದ, ತಂದೆ ಮುಚ್ಚಿಡಲಿಲ್ಲ. ನಡುಕಕ್ಕೆ ಕಾರಣಗಳು ಹಲವಾದ್ದರಿಂದ ಊಹೆಗೆ ಬಿಡದೆ ನರರೋಗ ತಜ್ಞರನ್ನು ಕಾಣಲು ತಿಳಿಸಿದೆ, ಮಗನೇ ಜೊತೆಗೆ ಹೋದ.

ಕಾರ್ಖಾನೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಒಂದು ದಿನದ ಸಲುಗೆಯನ್ನು ಬಳಸಿ ಮಗನನ್ನು ವಾಪಸು ಕರೆಯುವ ಆತುರ ತಂದೆಯಲ್ಲಿ ಕಂಡಿತು, ಅದನ್ನು ತಡೆದಿದ್ದೇನೆ. ಮುಂದಿನ ಭೇಟಿಗೆ ಇಬ್ಬರೇ ಬರಲಿದ್ದಾರೆ, ಮೊದಲು ಮಾತಾಡುವವನು ಮಗ.